ಎಲುಬು ಸವೆದವರು ಭಾರ ಎತ್ತಬಹುದೇ?

ಪ್ರಶ್ನೆ: ಅವ್ವಗ 63 ವರ್ಷ. ಎಲುಬು ಟೊಳ್ಳಾಗ್ಯಾವ ಅಂತ ಡಾಕ್ಟರು ಹೇಳ್ಯಾರ. ಭಾರ ಎತ್ತೋ ವ್ಯಾಯಾಮ ಮಾಡಿದ್ರ ಮುರಿಯೂದಿಲ್ಲೇನ್ರಿ?
– ಓದುಗರು, ತಿಕೋಟಾ

ಉತ್ತರ: ನಿಮ್ಮ ಅಂಜಿಕೆ ಸಹಜ. ಆದರೆ ಎಲುಬು ಜೀವಂತ ಅಂಗಾಂಶ. ಸ್ನಾಯು ಜಗ್ಗಿದಾಗ ಎಲುಬಿನೊಳಗಿನ ಜೀವಕೋಶಗಳು ಒತ್ತಡವನ್ನು ಗುರುತಿಸಿ, ಹೊಸ ಎಲುಬು ಕಟ್ಟಲು ಸೂಚನೆ ಕೊಡುತ್ತವೆ. ರೂಢಿಯಾದ ಭಾರಕ್ಕೆ ಈ ಸ್ಪಂದನೆ ಕಡಿಮೆ. ಹಾಗಾಗಿ ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿದರೂ, ಬಬಲೇಶ್ವರದ ರಸ್ತೆಯಲ್ಲಿ ವಾಕಿಂಗ್ ಮಾಡಿದರೂ ಅಷ್ಟೇ ಸಾಲದು. ಭಾರ ಮೆಲ್ಲಗೆ ಏರುತ್ತಿರಬೇಕು.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಎಲುಬಿನ ಸಾಂದ್ರತೆ ಕುಗ್ಗಿದ 101 ಮಹಿಳೆಯರ ಮೇಲೆ ಅಧ್ಯಯನ ನಡೆಸಿದರು. ಒಂದು ಗುಂಪು ತರಬೇತುದಾರರ ಕಣ್ಣೆದುರು ವಾರಕ್ಕೆರಡು ಬಾರಿ, 30 ನಿಮಿಷ ಭಾರ ಎತ್ತಿತು. 8 ತಿಂಗಳಲ್ಲಿ ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸರಾಸರಿ 2.9% ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು 1.2% ಇಳಿಯಿತು.

ಹಾಗಂತ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಪೈಲ್ವಾನರಂತೆ ಕಲ್ಲು ಎತ್ತಿಸಬೇಡಿ! ಮೊದಲು ಎಲುಬು-ಕೀಲು ವೈದ್ಯರಿಗೆ ತೋರಿಸಿ. ಬೆನ್ನೆಲುಬಿನ ಮಣಿ ಈಗಾಗಲೇ ಕುಸಿದಿದ್ದರೆ ಕ್ರಮವೇ ಬೇರೆ. ಒಪ್ಪಿಗೆ ಸಿಕ್ಕರೆ ಫಿಸಿಯೋಥೆರಪಿಸ್ಟ್ ಎದುರು ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆ ತಳ್ಳುವುದು, ಆಮೇಲೆ 1 ಲೀಟರ್ ನೀರಿನ ಬಾಟಲಿ ಎತ್ತುವುದು. ಬೆನ್ನು ಬಾಗಿಸಿ ನೆಲದಿಂದ ಕೊಡ ಎತ್ತುವುದು, ಭಾರ ಹಿಡಿದು ಸೊಂಟ ತಿರುಚುವುದು ಬೇಡವೇ ಬೇಡ. ಅಪಾಯ ಹೆಚ್ಚಿರುವುದೇ ಅಲ್ಲಿ. ವೈದ್ಯರು ಕೊಟ್ಟ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ಬಿಡಿಸಬೇಡಿ. ಹೊಸ ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕು, ಆದರೆ ಕಾಲಿನ ಬಲ ಅದಕ್ಕೂ ಮುಂಚೆ ಕೂಡುತ್ತದೆ, ಬೀಳುವ ಭಯ ತಗ್ಗುತ್ತದೆ.