ಮಾನಕ್ಕೆ ಒಂದೇ ವರ್ಷದ ಗಡುವು

ಜರ್ಮನಿಯ ಬ್ರನ್ಸ್‌ವಿಕ್‌ನಿಂದ ಪದಚ್ಯುತನಾಗಿದ್ದ ಡ್ಯೂಕ್ ತನ್ನ ಆಳನ್ನು ಲಂಡನ್ನಿನ ಪತ್ರಿಕಾ ಕಚೇರಿಯೊಂದಕ್ಕೆ ಅಟ್ಟಿದ. ತರಬೇಕಾಗಿದ್ದದ್ದು ಹದಿನೇಳು ವರ್ಷ ಹಳೆಯದಾದ, 1830ರ ‘ವೀಕ್ಲಿ ಡಿಸ್ಪ್ಯಾಚ್’ ಸಂಚಿಕೆ. ಅದರಲ್ಲಿ ಡ್ಯೂಕನ ಮಾನ ಕಳೆಯುವ ಬರಹವಿತ್ತು. ದಾವೆ ಹೂಡಲು ಆಗ ಇದ್ದ ಆರು ವರ್ಷದ ಗಡುವು ಎಂದೋ ಮುಗಿದಿತ್ತು. ಆದರೆ ಆಳಿಗೆ ಒಂದು ಪ್ರತಿ ಮಾರಿದ್ದೇ ಹೊಸ ಪ್ರಕಟಣೆ ಎಂದು ಡ್ಯೂಕ್ ವಾದಿಸಿದ. 1849ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿ 500 ಪೌಂಡ್ ಪರಿಹಾರವನ್ನೂ ಕೊಡಿಸಿತು. ತನ್ನ ಮಾನ ಕಳೆದ ಪತ್ರಿಕೆಯನ್ನು ತಾನೇ ದುಡ್ಡು ಕೊಟ್ಟು ತರಿಸಿಕೊಂಡು ಗೆದ್ದ ಆಸಾಮಿ! ಇಂಗ್ಲೆಂಡ್ ಈ ಕಿಂಡಿಯನ್ನು ಕಾಯ್ದೆಯ ಮೂಲಕ ಮುಚ್ಚಿದ್ದು 2013ರಲ್ಲಿ.

ನಮ್ಮಲ್ಲಿ ಗಡುವು ಇನ್ನೂ ಬಿಗಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಸಾಲ ವಸೂಲಿಗೆ ಮೂರು ವರ್ಷ, ಜಮೀನಿನ ಸ್ವಾಧೀನಕ್ಕೆ ಹನ್ನೆರಡು ವರ್ಷ. ಮಾನನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಒಂದೇ ವರ್ಷ. ಬರಹವಾದರೆ ಪ್ರಕಟವಾದ ದಿನದಿಂದ, ಮಾತಾದರೆ ಸಾಮಾನ್ಯವಾಗಿ ಆಡಿದ ದಿನದಿಂದ ಎಣಿಕೆ ಶುರು. ಗಡುವು ಮೀರಿದ್ದನ್ನು ಎದುರು ಪಕ್ಷದವರು ಎತ್ತದಿದ್ದರೂ ನ್ಯಾಯಾಧೀಶರೇ ದಾವೆಯನ್ನು ವಜಾ ಮಾಡಬೇಕು.

ಬಹಳ ಮಂದಿ ಎಡವುವುದು ಲಾಯರ್ ನೋಟಿಸಿನಲ್ಲಿ. ‘ಕ್ಷಮೆ ಕೇಳಿ, ಇಲ್ಲವೇ ಕೋಟಿ ರೂಪಾಯಿ ಕೊಡಿ’ ಎಂದು ನೋಟಿಸ್ ಕಳಿಸಿ, ಉತ್ತರಕ್ಕೆ ಕಾದು, ಹಿರಿಯರನ್ನು ಕೂರಿಸಿ ರಾಜಿ ಮಾತಾಡುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ.

ಫೇಸ್‌ಬುಕ್ಕಿನಲ್ಲಿ ಪೋಸ್ಟ್ ಇನ್ನೂ ಇದೆಯಲ್ಲ, ದಿನವೂ ಮಾನ ಹೋಗುತ್ತಲೇ ಇದೆಯಲ್ಲ ಎಂಬ ವಾದವೂ 2013ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂತು. ಕೋರ್ಟ್ ಒಪ್ಪಲಿಲ್ಲ. ಮೊದಲು ಹಾಕಿದ ದಿನವೇ ಲೆಕ್ಕಕ್ಕೆ. ಹೊಸ ಓದುಗರಿಗೆ ಮುಟ್ಟಿಸಲೆಂದು ಮತ್ತೆ ಪ್ರಕಟಿಸಿದರೆ ಮಾತ್ರ ಹೊಸ ಲೆಕ್ಕ. ಈ ಒಂದು ವರ್ಷ ತಪ್ಪಿದವರಿಗೆ ಕ್ರಿಮಿನಲ್ ದೂರಿನ ದಾರಿ ಉಳಿದಿರುತ್ತದೆ. ಅಲ್ಲಿ ಗಡುವು ಮೂರು ವರ್ಷ, ಆದರೆ ಪರಿಹಾರದ ಹಣ ಕೈಸೇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಮೇಲ್ಮನವಿಯ ಕಥೆ ಬೇರೆ. ಸಿವಿಲ್ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನ, ಕೆಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಅದೂ ಮೀರಿದರೆ ಕಾಯ್ದೆಯ 5ನೇ ಕಲಂ ಇದೆ. ಮೂಲ ದಾವೆಗೆ ಈ ಕಲಂ ಅನ್ವಯಿಸದು, ಮೇಲ್ಮನವಿಗೆ ಅನ್ವಯಿಸುತ್ತದೆ. ವಿಳಂಬ ಮನ್ನಾ ಕೋರಿ ಅರ್ಜಿ, ಜೊತೆಗೊಂದು ಪ್ರಮಾಣಪತ್ರ: ಕಾಯಿಲೆ ಬಿದ್ದದ್ದು, ನಕಲು ತಡವಾದದ್ದು, ತೀರ್ಪು ಬಂದದ್ದೇ ತಿಳಿಯದಿದ್ದದ್ದು. ತಡವಾದ ಪ್ರತಿ ದಿನಕ್ಕೂ ವಿವರಣೆ ಬೇಕೆಂದು ಹಟ ಹಿಡಿದರೆ ಪ್ರತಿ ಗಂಟೆಗೆ, ಪ್ರತಿ ಸೆಕೆಂಡಿಗೆ ಏಕೆ ಕೇಳಬಾರದು ಎಂದು 1987ರ ಜಮೀನು ಸ್ವಾಧೀನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಚುಚ್ಚಿತ್ತು. ಅದೇ ಕೋರ್ಟ್ 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಮನ್ನಿಸಲಿಲ್ಲ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಎಂಬ ಸಬೂಬು ನಡೆಯಲಿಲ್ಲ.

ಗಡುವಿನೊಳಗಿದ್ದರೂ ಕಾಯುವುದು ದುಬಾರಿಯಾಗಬಹುದು. 2019ರ ಏಪ್ರಿಲ್ 13ರಂದು ಕೋಲಾರದ ಚುನಾವಣಾ ಸಭೆಯಲ್ಲಿ ಮೋದಿ ಹೆಸರಿನ ಬಗ್ಗೆ ಆಡಿದ ಮಾತಿಗೆ, 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ರಾಹುಲ್ ಗಾಂಧಿಯವರಿಗೆ ಎರಡು ವರ್ಷ ಶಿಕ್ಷೆ ವಿಧಿಸಿತು. ಮೇಲ್ಮನವಿಗೆಂದು ಆ ಶಿಕ್ಷೆಯನ್ನು 30 ದಿನ ಅಮಾನತಿನಲ್ಲಿಟ್ಟಿತು. ಲೋಕಸಭಾ ಸದಸ್ಯತ್ವ ಮಾತ್ರ ಮರುದಿನವೇ ಹೋಯಿತು. ಹಾಲಿ ಸದಸ್ಯರಿಗೆ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ರಕ್ಷಣೆ ಕೊಡುತ್ತಿದ್ದ ಕಲಮನ್ನು ಸುಪ್ರೀಂ ಕೋರ್ಟ್ 2013ರಲ್ಲೇ ರದ್ದು ಮಾಡಿತ್ತು. ಅವರು ಏಪ್ರಿಲ್ 3ಕ್ಕೇ ಮೇಲ್ಮನವಿ ಹಾಕಿದರು. ಆದರೂ ದೋಷಿ ಎಂಬ ತೀರ್ಪಿಗೆ ತಡೆ ಸಿಕ್ಕಿ, ಸದಸ್ಯತ್ವ ಮರಳಿದ್ದು ಆಗಸ್ಟ್ 7ಕ್ಕೆ.