ಟ್ಯೂಬಿಲ್ಲದ ಟಯರು: ಯಾರಿಗೆ ಬೇಕು, ಯಾರಿಗೆ ಬೇಡ?

ಪೇಟೆಗೆ ಹೊಸ ವಸ್ತುವೊಂದು ಬಂದಾಗ ಅದರ ಗುಣವನ್ನು ಹೊಗಳುವವರು ಹಲವರಿರುತ್ತಾರೆ. ಅದನ್ನು ಸಾಕುವ ಕಷ್ಟವನ್ನು ಹೇಳುವವರು ವಿರಳ. ಕೊಳ್ಳುವುದು ಒಂದು ದಿನದ ಮಾತು, ಅದರೊಡನೆ ಬಾಳುವುದು ವರ್ಷಗಳ ಮಾತು. ಈಚೆಗೆ ನಮ್ಮ ತರುಣ ವಾಚಕರಲ್ಲಿ, ವಿಶೇಷವಾಗಿ ಪುಣೆ, ಹೈದರಾಬಾದುಗಳ ಕಚೇರಿಗಳಲ್ಲಿ ದುಡಿಯುವ ಗುಮಾಸ್ತ ಬಂಧುಗಳಲ್ಲಿ, ರವಿವಾರದ ಬೆಳಗ್ಗೆ ಸೈಕಲ್ಲನ್ನೇರಿ ಊರ ಹೊರಗಿನ ಜಲ್ಲಿಯ ಹಾದಿ ಹಿಡಿಯುವ ಹವ್ಯಾಸ ಬೆಳೆಯುತ್ತಿದೆ. ಗ್ರಾವೆಲ್ ಸೈಕ್ಲಿಂಗ್ ಎಂಬುದು ಇದರ ಹೆಸರು. ‘ಈ ಸೈಕಲ್ಲಿಗೆ ಟ್ಯೂಬ್‌ಲೆಸ್ ಟಯರು ಹಾಕಿಸಬಹುದೇ?’ ಎಂದು ಅವರು ಕೇಳುತ್ತಿದ್ದಾರೆ. ಊರಿಗೆ ಹಣ ಕಳುಹಿಸಿ ಉಳಿದ ಪಗಾರದಲ್ಲಿ ಕೆಲವು ಸಾವಿರ ರೂಪಾಯಿಗಳನ್ನು ತೆಗೆದಿಡುವುದು ನಮ್ಮವರಿಗೆ ಸಣ್ಣ ಮಾತಲ್ಲ. ಚಕ್ರದ ಮೇಲೆ ಕುಳಿತವನ ಜೀವವಂತೂ ಅದಕ್ಕಿಂತ ದೊಡ್ಡದು. ಆದ್ದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿ ವಿವೇಚಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಗಾಳಿ ತುಂಬಿದ ಚಕ್ರದ ಕಲ್ಪನೆ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಆದರೆ ಅದು ಲೋಕದ ಬಳಕೆಗೆ ಬಂದುದು 1888ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿಗಾಗಿ ಮಾಡಿದ ಪ್ರಯೋಗದ ಫಲವಾಗಿ. ಅವನ ಟಯರು ರಿಮ್ಮಿಗೆ ಅಂಟಿಕೊಂಡಿರುತ್ತಿತ್ತು. ಒಂದು ಮುಳ್ಳು ಚುಚ್ಚಿದರೂ ರಿಪೇರಿಗೆ ತಾಸುಗಟ್ಟಲೆ ಹಿಡಿಯುತ್ತಿತ್ತು. ಸುಲಭವಾಗಿ ಕಳಚಬಹುದಾದ ಟಯರನ್ನು ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ತಂದರು. ಅದೇ ವರ್ಷ ಶಾರ್ಲ್ ಟೆರಾಂ ಎಂಬ ಸವಾರನು ಆ ಟಯರಿನ ಮೇಲೆಯೇ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರುಗಳ ಪಂದ್ಯವನ್ನು ಗೆದ್ದನು. ಮೋಟಾರು ಗಾಡಿಗಳಿಗೆ ಟ್ಯೂಬಿಲ್ಲದ ಟಯರನ್ನು ಅಮೆರಿಕದ ಗುಡ್‌ರಿಚ್ ಕಂಪನಿಯು 1947ರಲ್ಲಿ ಪ್ರಕಟಿಸಿತು. ಬೆಟ್ಟದ ಸೈಕಲ್ಲಿಗೆ ಅದೇ ತತ್ತ್ವವನ್ನು ಫ್ರಾನ್ಸಿನ ಮ್ಯಾವಿಕ್ ಮೊದಲಾದ ಕಂಪನಿಗಳು ಕೂಡಿ ಅಳವಡಿಸಿದ್ದು 1999ರಲ್ಲಿ.

ಜಲ್ಲಿಯ ಹಾದಿಗೂ ಈ ಟಯರಿಗೂ ಏನು ನಂಟು ಎಂಬುದನ್ನು ತಿಳಿಯಬೇಕಾದರೆ ಅಮೆರಿಕದ ಕ್ಯಾನ್ಸಾಸ್ ರಾಜ್ಯದತ್ತ ನೋಡಬೇಕು. ಅಲ್ಲಿನ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಇನ್ನೂರು ಮೈಲಿಗಳ, ಎಂದರೆ ಸುಮಾರು 320 ಕಿಲೋಮೀಟರುಗಳ, ಒಂದು ಸೈಕಲ್ ಪಂದ್ಯವು ಆರಂಭವಾಯಿತು. ಇಂದು ಅದಕ್ಕೆ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರು. ಪಂದ್ಯ ನಡೆಯುವ ಸೀಮೆಯನ್ನು ಫ್ಲಿಂಟ್ ಹಿಲ್ಸ್, ಎಂದರೆ ಚಕಮಕಿ ಕಲ್ಲಿನ ಗುಡ್ಡಗಳು, ಎಂದು ಕರೆಯುತ್ತಾರೆ. ನೇಗಿಲಿಗೆ ಬಗ್ಗದಷ್ಟು ಕಲ್ಲು ತುಂಬಿದ್ದರಿಂದಲೇ ಅಲ್ಲಿ ಉದ್ದ ಹುಲ್ಲಿನ ಬಯಲು ಇನ್ನೂ ಉಳಿದಿದೆ. ಯಾವ ಕಲ್ಲಿನಿಂದ ಅಲ್ಲಿಯ ಮೂಲನಿವಾಸಿಗಳು ಬಾಣದ ಮೊನೆಗಳನ್ನು ಮಾಡುತ್ತಿದ್ದರೋ ಅದೇ ಜಾತಿಯ ಕಲ್ಲಿನ ಚೂರುಗಳ ಮೇಲೆ ಇಂದು ಸವಾರರು ತೆಳುವಾದ ರಬ್ಬರನ್ನು ಉರುಳಿಸುತ್ತಾರೆ. ಅಲ್ಲಿ ಟ್ಯೂಬಿನ ಟಯರು ಏಕೆ ಸೋಲುತ್ತದೆ? ಗಾಳಿ ಹೆಚ್ಚಾದರೆ ಚಕ್ರವು ಕಲ್ಲಿನ ಮೇಲೆ ಪುಟಿದು ಹಿಡಿತ ತಪ್ಪುತ್ತದೆ. ಗಾಳಿ ಕಡಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜಜ್ಜಿಹೋಗಿ, ಹಾವು ಕಚ್ಚಿದ ಗುರುತಿನಂತೆ ಜೋಡಿ ತೂತುಗಳಾಗುತ್ತವೆ. ಟ್ಯೂಬೇ ಇಲ್ಲದಿದ್ದಲ್ಲಿ ಜಜ್ಜುವುದಕ್ಕೆ ಏನಿದೆ? ಕಡಮೆ ಗಾಳಿಯಲ್ಲಿ ಮೆತ್ತಗೆ, ನೆಲಕ್ಕೆ ಅಂಟಿಕೊಂಡಂತೆ ಹೋಗಬಹುದು. ಇದೇ ಇದರ ಮುಖ್ಯ ಲಾಭ. ಮುಳ್ಳಿನಿಂದ ರಕ್ಷಣೆ ಎರಡನೆಯದು.

ಮುಳ್ಳಿನ ಮಾತು ಬಂದಾಗ ನಮ್ಮ ಬಯಲುಸೀಮೆಯ ವಾಚಕರಿಗೆ ಒಂದು ಸಂಗತಿ ಸ್ವಾರಸ್ಯವಾಗಬಹುದು. ನಾವು ನೆಗ್ಗಿಲು ಎನ್ನುವ, ಮರಾಠಿಗರು ಗೋಖರೂ ಎನ್ನುವ, ವೈದ್ಯರು ಗೋಕ್ಷುರವೆಂದು ಕಷಾಯಕ್ಕೆ ಹಾಕುವ ಆ ನೆಲಬಳ್ಳಿಯೇ ಅಮೆರಿಕದ ಪಶ್ಚಿಮ ಸೀಮೆಗೆ ವಲಸೆ ಹೋಗಿ, ‘ಆಡಿನ ತಲೆ’ ಎಂಬ ಅಡ್ಡ ಹೆಸರು ಪಡೆದು, ಅಲ್ಲಿಯ ಸೈಕಲ್ ಸವಾರರ ಪರಮ ಶತ್ರುವಾಗಿದೆ. ಅದನ್ನು ಹತೋಟಿಗೆ ತರಲು ಅಲ್ಲಿಯವರು 1961ರಲ್ಲಿ ಇಟಲಿಯಿಂದ ಒಂದು ಬಗೆಯ ಸೊಂಡಿಲ ಹುಳುವನ್ನು ತಂದು ಬಿಟ್ಟರು. ದಖ್ಖನಿನ ಹಾದಿಗಳಲ್ಲಿ ನೆಗ್ಗಿಲಿನ ಜೊತೆಗೆ ಜಾಲಿಯ ಮುಳ್ಳೂ ಇದೆ. ಹೀಗಾಗಿ ಕ್ಯಾನ್ಸಾಸಿನ ಸವಾರನ ಸಮಸ್ಯೆಯು ಪುಣೆಯ ಸವಾರನಿಗೆ ಪರಕೀಯವಲ್ಲ.

ಮೋಟಾರ್ ಸೈಕಲ್ಲಿನ ಟ್ಯೂಬ್‌ಲೆಸ್ ಟಯರನ್ನು ನಮ್ಮವರೆಲ್ಲ ಬಲ್ಲರು. ಆದರೆ ಸೈಕಲ್ಲಿನದು ಅದರ ತದ್ರೂಪವಲ್ಲ. ಮೋಟಾರಿನ ಟಯರು ದಪ್ಪ. ಗಾಳಿ ಸೋರದಂತೆ ತಡೆಯುವ ರಬ್ಬರಿನ ಪದರವು ಅದರ ಒಳಗೇ ಇರುತ್ತದೆ. ಸೈಕಲ್ಲಿನ ಟಯರು ಹಗುರವಾಗಿರಲೇಬೇಕಾದ್ದರಿಂದ ತೆಳುವಾಗಿರುತ್ತದೆ. ಅದರ ಮೈಯಿಂದಲೇ ಗಾಳಿ ಜಿನುಗುತ್ತದೆ. ಆದಕಾರಣ ಒಳಗೆ ಸೀಲೆಂಟ್ ಎಂಬ ದ್ರವವನ್ನು ಹಾಕಬೇಕು. ಇದರ ಮರ್ಮವನ್ನು ಸುಳ್ಯ, ಪುತ್ತೂರು ಕಡೆಯವರಿಗೆ ವಿವರಿಸಬೇಕಾಗಿಲ್ಲ. ರಬ್ಬರು ಮರದ ಹಾಲು ಗಾಳಿಗೆ ತೆರೆದಿಟ್ಟರೆ ಗಟ್ಟಿಯಾಗುತ್ತದೆ. ದ್ರವವಾಗಿಯೇ ಉಳಿಯಬೇಕಾದರೆ ಅಮೋನಿಯಾ ಬೆರೆಸುತ್ತಾರೆ. ಬಹುಪಾಲು ಸೀಲೆಂಟುಗಳು ಇಂಥ ರಬ್ಬರು ಹಾಲಿಗೆ ಸಣ್ಣ ಕಣಗಳನ್ನು ಸೇರಿಸಿ ಮಾಡಿದವೇ. ಮುಳ್ಳು ಚುಚ್ಚಿದೊಡನೆ ಗಾಳಿಯ ರಭಸಕ್ಕೆ ಹಾಲು ತೂತಿಗೆ ನುಗ್ಗಿ, ಕಣಗಳು ಬಾಯಿಗೆ ಅಡ್ಡ ಬಿದ್ದು, ಹಲಸಿನ ಮೇಣದಂತೆ ಹೆಪ್ಪುಗಟ್ಟಿ ಮುಚ್ಚುತ್ತದೆ. ಎಷ್ಟೋ ವೇಳೆ ಸವಾರನಿಗೆ ಸುದ್ದಿಯೂ ತಿಳಿಯುವುದಿಲ್ಲ.

ಇನ್ನು ಆಯ್ಕೆಯ ವಿಚಾರ. ಮೊದಲನೆಯದಾಗಿ ಅಳತೆ. ಟಯರಿನ ಪಕ್ಕೆಯಲ್ಲಿ 40-622 ಎಂಬಂತೆ ಅಂಕಿಗಳಿರುತ್ತವೆ. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ಮೇಲೆ ಕೂರುವ ಅಂಚಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಇಂದು ಜಲ್ಲಿಯ ಸೈಕಲ್ಲುಗಳಲ್ಲಿ 40ರಿಂದ 45ರ ಅಗಲ ಸಾಮಾನ್ಯ. ಆದರೆ ನಿಮ್ಮ ಸೈಕಲ್ಲಿನ ಫೋರ್ಕಿನಲ್ಲಿ ಎಷ್ಟು ಜಾಗವಿದೆಯೆಂದು ಅಳೆದು, ಕೆಸರಿಗೂ ಒಂದಷ್ಟು ಸ್ಥಳ ಬಿಟ್ಟು ಕೊಳ್ಳಬೇಕು. ಎರಡನೆಯದಾಗಿ, ಟಯರು ಮತ್ತು ರಿಮ್ಮು ಎರಡೂ ಟ್ಯೂಬ್‌ಲೆಸ್ಸಿಗೆಂದೇ ಮಾಡಿದವಾಗಿರಬೇಕು. ಸಾಧಾರಣ ಟಯರನ್ನು ಉಪಾಯದಿಂದ ಕೂರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬಾರದು. ಅದರ ಅಂಚು ಹಿಗ್ಗಿ ರಿಮ್ಮಿನಿಂದ ಜಾರಿದರೆ ಅಪಾಯ. ಮೂರನೆಯದಾಗಿ ಮೈಕಟ್ಟು. ತೆಳು ಮೈಯ ಟಯರು ಹಾಯಾಗಿ ಓಡುತ್ತದೆ, ಚೂಪು ಕಲ್ಲಿಗೆ ಬೇಗ ಹರಿಯುತ್ತದೆ. ದಪ್ಪ ಮೈಯದು ಭಾರ, ಆದರೆ ಬಾಳಿಕೆ ಹೆಚ್ಚು. ಪಂದ್ಯ ಗೆಲ್ಲಬೇಕಾಗಿಲ್ಲದ, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಾದ ನಮ್ಮವರಿಗೆ ದಪ್ಪ ಮೈಯದೇ ಲೇಸು.

ನಾಲ್ಕನೆಯ ಮಾತು ಜೀವಕ್ಕೆ ಸಂಬಂಧಿಸಿದ್ದು. ಹಳೆಯ ರಿಮ್ಮುಗಳ ಒಳ ಅಂಚಿನಲ್ಲಿ ಟಯರನ್ನು ಹಿಡಿದುಕೊಳ್ಳುವ ಕೊಕ್ಕೆಯಂಥ ಬಾಗು ಇರುತ್ತದೆ. ಈಚಿನ ಕೆಲವು ರಿಮ್ಮುಗಳಲ್ಲಿ ಅದಿಲ್ಲ. ಹುಕ್‌ಲೆಸ್ ಎಂದು ಅವುಗಳ ಹೆಸರು. ಅಂಥವುಗಳಲ್ಲಿ 5 ಬಾರ್, ಎಂದರೆ ಸುಮಾರು 72 ಪೌಂಡಿಗಿಂತ ಹೆಚ್ಚು ಗಾಳಿ ಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಟಯರಿನ ಮೇಲೆ ಅದಕ್ಕೂ ಕಡಮೆ ಮಿತಿ ಬರೆದಿದ್ದರೆ ಆ ಮಿತಿಯೇ ಪ್ರಮಾಣ. ರಿಮ್ಮು ಮಾಡಿದವರು ಒಪ್ಪಿದ ಟಯರನ್ನೇ ಹಾಕಬೇಕು. 2024ರ ಫೆಬ್ರವರಿಯಲ್ಲಿ ಅರಬ್ ಎಮಿರೇಟ್ಸ್ ದೇಶದ ಪಂದ್ಯದಲ್ಲಿ ಬೆಲ್ಜಿಯಮ್ಮಿನ ಪ್ರಸಿದ್ಧ ಸವಾರ ಥಾಮಸ್ ಡಿ ಗೆಂಡ್ಟ್ ಬಿದ್ದಾಗ ಟಯರು ಕೊಕ್ಕೆಯಿಲ್ಲದ ರಿಮ್ಮಿನಿಂದ ಹೊರಬಂದಿತ್ತು. ಕಲ್ಲಿನ ಪೆಟ್ಟೇ ಕಾರಣವೆಂದು ಕೆಲವರು, ರಿಮ್ಮಿನ ರಚನೆಯೇ ಸಂಶಯಾಸ್ಪದವೆಂದು ಕೆಲವರು ವಾದಿಸಿದರು. ನುರಿತ ಮೆಕ್ಯಾನಿಕರ ಪಡೆಯೇ ಹಿಂದಿರುವ ಸವಾರನಿಗೆ ಇಂಥದು ಸಂಭವಿಸಿದ ಮೇಲೆ, ನಾವು ನೀವು ರಿಮ್ಮಿನ ಮೇಲಿನ ಬರಹವನ್ನು ಓದದೆ ಗಾಳಿ ಹೊಡೆಸುವುದು ಸರಿಯೇ?

ಜೋಡಣೆಯನ್ನು ಮೊದಲ ಸಲ ಬಲ್ಲವರ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಉತ್ತಮ. ಕಡ್ಡಿಗಳ ತೂತುಗಳನ್ನು ಗಾಳಿ ಸೋರದ ಟೇಪಿನಿಂದ ಮುಚ್ಚಬೇಕು. ಟೇಪು ಸುಕ್ಕಾದರೆ ಉಳಿದ ಶ್ರಮವೆಲ್ಲ ವ್ಯರ್ಥ. ವಾಲ್ವನ್ನು ಬಿಗಿದು, ಟಯರಿನ ಅಂಚಿಗೆ ಸಾಬೂನಿನ ನೀರು ಸವರಿ, ಒಮ್ಮೆಗೇ ರಭಸದಿಂದ ಗಾಳಿ ಹಾಕಿದರೆ ಅಂಚು ಟಪ್ಪೆಂದು ತನ್ನ ಸ್ಥಾನದಲ್ಲಿ ಕೂರುತ್ತದೆ. ಬಳಿಕ ವಾಲ್ವಿನ ತಿರುಳನ್ನು ಬಿಚ್ಚಿ ದ್ರವವನ್ನು ಹಾಕುತ್ತಾರೆ. 40ರ ಅಗಲದ ಟಯರಿಗೆ ಚಕ್ರವೊಂದಕ್ಕೆ ಸುಮಾರು 60 ಮಿಲಿಲೀಟರು ಸಾಕು. ಎಪ್ಪತ್ತು ಕಿಲೋ ತೂಕದವರು 30ರಿಂದ 35 ಪೌಂಡಿನಿಂದ ಆರಂಭಿಸಿ, ಹಿಂದಿನ ಚಕ್ರಕ್ಕೆ ಒಂದೆರಡು ಪೌಂಡು ಹೆಚ್ಚಿಗೆ ಹಾಕಿ, ತಮ್ಮ ಹಾದಿಗೆ ಹೊಂದಿಸಿಕೊಳ್ಳಬಹುದು. ತೀರ ಇಳಿಸಿದರೆ ತಿರುವಿನಲ್ಲಿ ಟಯರು ತೇಗಿದಂತೆ ಗಾಳಿ ಬಿಡುತ್ತದೆ, ರಿಮ್ಮಿಗೂ ಪೆಟ್ಟು ಬೀಳುತ್ತದೆ.

ಬಾಳುವೆಯ ಕಷ್ಟ ಇಲ್ಲಿಂದ ಮುಂದೆ. ಈ ದ್ರವವು ಹುಳಿ ಬಂದ ಹಿಟ್ಟಿನಂತೆ, ಕಾಯುವುದಿಲ್ಲ. ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ. ಹೈದರಾಬಾದಿನ ಬೇಸಗೆಯಲ್ಲಿ ಇನ್ನೂ ಬೇಗ. ಹೊರಗಿನಿಂದ ಟಯರು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ಷಣೆ ಬತ್ತಿರುತ್ತದೆ. ತಿಂಗಳ ಮೊದಲ ರವಿವಾರ ಚಕ್ರವನ್ನು ಕಿವಿಯ ಬಳಿ ಅಲುಗಿಸಿ ದ್ರವದ ಸಪ್ಪಳ ಕೇಳಬೇಕು. ಸಂಶಯವಾದರೆ ಗಾಳಿ ಬಿಟ್ಟು, ತಿರುಳು ಬಿಚ್ಚಿ, ವಾಲ್ವಿನೊಳಗೆ ತೆಳುವಾದ ಕಡ್ಡಿ ಇಳಿಸಿ ನೋಡಬೇಕು.

ಹಾದಿಯಲ್ಲಿ ತೂತಾಗಿ ದ್ರವ ಚಿಮ್ಮಿದರೆ ತೂತನ್ನು ಕೆಳಮುಖ ಮಾಡಿ ಕೊಂಚ ಕಾಯಬೇಕು. ನಿಲ್ಲದಿದ್ದರೆ ಮೋಟಾರ್ ಸೈಕಲ್ಲಿಗೆ ಹಾಕುವಂಥದೇ, ಆದರೆ ಸಪೂರವಾದ, ರಬ್ಬರಿನ ಎಳೆಯನ್ನು ತೂರಿಸಬೇಕು. ಪಕ್ಕೆಯೇ ಹರಿದರೆ ಒಳಗಿನಿಂದ ಒತ್ತು ಕೊಟ್ಟು ಟ್ಯೂಬು ಹಾಕುವುದೊಂದೇ ದಾರಿ. ಅಮೆರಿಕದ ಸವಾರರು ಆ ಒತ್ತಿಗೆ ಡಾಲರಿನ ನೋಟನ್ನೇ ಮಡಿಸಿ ಇಡುವುದುಂಟು. ಗಲ್ಲಾದಲ್ಲಿ ಕುಳಿತು ನೋಟೆಣಿಸಿದ ನಮಗೆ ಅದು ರುಚಿಸದು. ಹಳೆಯ ಟಯರಿನ ತುಂಡೇ ಸಾಕು. ಟ್ಯೂಬು ಹಾಕುವ ಮುನ್ನ ಟಯರಿನ ಒಳಮೈಯನ್ನು ಎಚ್ಚರಿಕೆಯಿಂದ ಸವರಿ ನೋಡಬೇಕು. ಇಷ್ಟು ದಿನ ಸದ್ದಿಲ್ಲದೆ ಕುಳಿತ ಮುಳ್ಳುಗಳು ಹೊಸ ಟ್ಯೂಬನ್ನು ಕಾಯುತ್ತಿರುತ್ತವೆ. ಆದುದರಿಂದ ಟ್ಯೂಬಿಲ್ಲದ ಟಯರಿನವನೂ ಚೀಲದಲ್ಲಿ ಒಂದು ಟ್ಯೂಬನ್ನೂ ಪಂಪನ್ನೂ ಹೊರಲೇಬೇಕು.

ಹಾಗಾದರೆ ಇದು ಯಾರಿಗೆ ಬೇಕು? ವಾರ ತಪ್ಪದೆ ಕಲ್ಲುಮುಳ್ಳಿನ ಹಾದಿ ತುಳಿಯುವವರಿಗೆ, ತಿಂಗಳಿಗೊಮ್ಮೆ ಅರ್ಧ ಗಂಟೆ ಕೈ ಕೊಳೆ ಮಾಡಿಕೊಳ್ಳಲು ಬೇಸರಿಸದವರಿಗೆ ಇದು ಹಾಕಿದ ಹಣಕ್ಕೆ ಮೋಸವಿಲ್ಲದ ವಸ್ತು. ಡಾಂಬರು ಬೀದಿಯಲ್ಲಿ ಖೋಲಿಯಿಂದ ಹೋಟೆಲಿಗೆ, ಹೋಟೆಲಿನಿಂದ ಖೋಲಿಗೆ ಓಡಾಡುವ ಬಂಧುಗಳಿಗೆ ಬೇಡ. ಅವರ 28 × 1½ ಅಳತೆಯ ಗಟ್ಟಿಮುಟ್ಟಾದ ಸೈಕಲ್ಲಿಗೆ ಟ್ಯೂಬ್‌ಲೆಸ್ ಟಯರನ್ನು ಹುಡುಕುತ್ತ ಅಲೆಯುವುದೂ ವ್ಯರ್ಥ. ಮೂಲೆಯ ಪಂಕ್ಚರ್ ಅಂಗಡಿಯವನು ಹತ್ತು ನಿಮಿಷಗಳಲ್ಲಿ ಮಾಡಿಕೊಡುವ ಕೆಲಸಕ್ಕೆ ಸಾವಿರಾರು ರೂಪಾಯಿಗಳ ಏರ್ಪಾಟು ಏಕೆ? ಮೂರು ತಿಂಗಳಿಗೊಮ್ಮೆ ಮಾತ್ರ ಸವಾರಿ ಹೊರಡುವವರಿಗಂತೂ ದ್ರವವು ಮೂಲೆಯಲ್ಲಿ ನಿಂತಲ್ಲಿಯೇ ಒಣಗುವುದು.

ಆಫೀಸಿನ ಸ್ನೇಹಿತ ಹಾಕಿಸಿದನೆಂಬ ಕಾರಣಕ್ಕೆ ಸಾಲ ಮಾಡಿ ಹಾಕಿಸಬಾರದು. ಬೇಕಾದ ಹಾದಿಯಲ್ಲಿ ನಡೆಯುವವನು ಕೇವಲ ಹಳೆಯ ಅಭ್ಯಾಸಕ್ಕೆ ಅಂಜಿ ಬಿಡಲೂಬಾರದು. ಮೊದಲು ನಿಮ್ಮ ಹಾದಿ ಯಾವುದೆಂದು ನೋಡಿರಿ, ಆಮೇಲೆ ನಿಮ್ಮ ಬಿಡುವು ಎಷ್ಟೆಂದು ಎಣಿಸಿರಿ, ಕೊನೆಗೆ ಅಂಗಡಿಯ ಬೆಲೆಯನ್ನು ಕೇಳಿರಿ. ಈ ಕ್ರಮದಲ್ಲಿ ನಡೆದವರಿಗೆ ಪಶ್ಚಾತ್ತಾಪದ ಸಂದರ್ಭ ಬರಲಾರದೆಂದು ನಮ್ಮ ನಂಬಿಕೆ.