ನಾಲ್ಕರಿಂದ ಎರಡಕ್ಕೆ: ಗೇರ್‌ಬಾಕ್ಸ್‌ನ ಬಾಲ ಬದಲಿಸುವ ಕಸುಬು

ಅಮೆರಿಕದ ಪಿಕಪ್ ಟ್ರಕ್ಕುಗಳ ಲೋಕದಲ್ಲಿ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಫೋರ್ ವೀಲ್ ಡ್ರೈವ್ ಗಾಡಿಗೆ, ಹಿಂದಿನ ಎರಡೇ ಚಕ್ರಗಳನ್ನು ತಿರುಗಿಸುವ ಗಾಡಿಗಿಂತ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಹೀಗಿದ್ದರೂ, ಹೆಚ್ಚು ಹಣ ತೆತ್ತು ಪಡೆದ ಆ ಯಂತ್ರಭಾಗಗಳನ್ನು ಕಳಚಿ ಗಾಡಿಯನ್ನು ಟೂ ವೀಲ್ ಡ್ರೈವ್ ಮಾಡಿಕೊಳ್ಳುವ ಚಿಕ್ಕದೊಂದು ಕಸುಬು ಅಲ್ಲಿನ ಹಿತ್ತಿಲ ಗ್ಯಾರೇಜುಗಳಲ್ಲಿ ಸದ್ದಿಲ್ಲದೆ ನಡೆದುಬಂದಿದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಮುಂದಿನ ಆ್ಯಕ್ಸಲ್ಲಿನ ಭಾಗಗಳು ತುಕ್ಕು ಹಿಡಿದು ಕೈಕೊಡುವುದು, ಮಳೆಯೂ ಕೆಸರೂ ಅಪರೂಪವಾದ ಸೀಮೆಗಳಲ್ಲಿ ಅವು ಬರೀ ಹೊರೆಯಾಗಿ ಉಳಿದು ಪೆಟ್ರೋಲು ಕುಡಿಯುವುದು, ಹಳೆಯ ಗಾಡಿಯ ರಿಪೇರಿಗೆ ಗಾಡಿಯ ಬೆಲೆಗಿಂತ ಹೆಚ್ಚು ಖರ್ಚು ಬೀಳುವುದು, ಇವೇ ಇದಕ್ಕೆ ಸಾಮಾನ್ಯ ಕಾರಣಗಳು.

ಇತಿಹಾಸದಲ್ಲಿ ಕಸುಬು ನಡೆದದ್ದು ಇದರ ಎದುರು ದಿಕ್ಕಿನಲ್ಲಿ. 1908ರ ಸುಮಾರಿಗೆ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಟ್ಟೊ ಝಾಕೋ ಮತ್ತು ವಿಲಿಯಂ ಬೆಸರ್ಡಿಕ್ ಎಂಬಿಬ್ಬರು ನಾಲ್ಕು ಚಕ್ರಗಳ ಚಾಲನೆಯನ್ನು ರೂಪಿಸಿದರು. 1931ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಮಾರ್ಮನ್-ಹೆರಿಂಗ್ಟನ್ ಕಂಪನಿ ಫೋರ್ಡ್ ಟ್ರಕ್ಕುಗಳನ್ನು ಆ ರೀತಿಗೆ ಪರಿವರ್ತಿಸಿ ಮಾರಿತು. 1950ರ ದಶಕದಲ್ಲಿ ಮಿನಿಯಾಪೊಲಿಸ್‌ನ ನ್ಯಾಪ್ಕೋ ಸಂಸ್ಥೆ ಶೆವ್ರಲೆ ಮತ್ತು ಜಿಎಂಸಿ ಪಿಕಪ್‌ಗಳಿಗೆ ‘ಪವರ್-ಪ್ಯಾಕ್’ ಎಂಬ ಜೋಡಣೆಯನ್ನು ಮಾರತೊಡಗಿತು. ಹಳೆಯ ಗಾಡಿ ಮಾರುವಾಗ ಈ ಜೋಡಣೆಯನ್ನು ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಬಹುದೆಂಬುದು ನ್ಯಾಪ್ಕೋ ಪ್ರಚಾರದ ಒಂದು ಅಂಶವಾಗಿದ್ದುದರಿಂದ, ನಾಲ್ಕನ್ನು ಎರಡು ಮಾಡುವ ಕೆಲಸ ಆ ಕಾಲಕ್ಕೆ ಬೋಲ್ಟು ಬಿಚ್ಚುವಷ್ಟೇ ಸರಳವೆಂದು ಭಾವಿಸಲಾಗಿತ್ತೆಂದು ಊಹಿಸಬಹುದು. ಕಾರ್ಖಾನೆಯೇ ಈ ವ್ಯವಸ್ಥೆಯನ್ನು ಚಾಸಿಯ ಒಡಲಿಗೆ ಸೇರಿಸಿಕೊಂಡ ಮೇಲೆ ಆ ಸರಳತೆ ಉಳಿಯಲಿಲ್ಲ.

ಉದಾಹರಣೆಗೆ 1988ರಿಂದ 1990ರ ದಶಕದ ಕೊನೆಯವರೆಗೆ ತಯಾರಾದ ಶೆವ್ರಲೆ ಪಿಕಪ್ಪನ್ನು ತೆಗೆದುಕೊಳ್ಳಬಹುದು. ಶೆವ್ರಲೆ ತನ್ನ ಟ್ರಕ್ಕುಗಳಲ್ಲಿ ಎರಡು ಚಕ್ರದ ಚಾಲನೆಗೆ ‘ಸಿ’, ನಾಲ್ಕು ಚಕ್ರದ ಚಾಲನೆಗೆ ‘ಕೆ’ ಎಂಬ ಅಕ್ಷರಗಳನ್ನು 1960ರ ಮಾದರಿಯಿಂದಲೇ ಬಳಸುತ್ತಿತ್ತು. ಕೆ ಗಾಡಿಯಲ್ಲಿ ಗೇರ್‌ಬಾಕ್ಸ್‌ನ ಹಿಂಬದಿಗೆ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿರುತ್ತದೆ. ಗೇರ್‌ಬಾಕ್ಸ್‌ನಿಂದ ಬಂದ ಬಲವನ್ನು ಎರಡು ಕವಲಾಗಿ ಒಡೆದು, ಒಂದನ್ನು ಹಿಂದಿನ ಆ್ಯಕ್ಸಲ್ಲಿಗೂ ಇನ್ನೊಂದನ್ನು ಮುಂದಿನದಕ್ಕೂ ಕಳಿಸುವ ಪೆಟ್ಟಿಗೆ ಅದು. ಅದನ್ನು ಬಿಚ್ಚಿ ಕೆಳಗಿಳಿಸುವುದು ಕಷ್ಟವಲ್ಲ. ಇಳಿಸಿದ ಮೇಲೆ ಗೇರ್‌ಬಾಕ್ಸ್‌ನ ಹಿಂದೆ ಕಾಣಿಸಿಕೊಳ್ಳುವ ಮೊಂಡು ತುದಿಯಿಂದಲೇ ತೊಡಕು ಆರಂಭವಾಗುತ್ತದೆ.

ಈ ತುದಿಯನ್ನು ಸಾವಧಾನವಾಗಿ ಗಮನಿಸಬೇಕು, ಏಕೆಂದರೆ ಕಸುಬಿನ ಕಷ್ಟವೆಲ್ಲ ಇಲ್ಲಿ ಅಡಗಿದೆ. ಸಿ ಗಾಡಿಯ ಗೇರ್‌ಬಾಕ್ಸ್‌ನಿಂದ ಹೊರಬರುವ ಔಟ್‌ಪುಟ್ ಶಾಫ್ಟು ಉದ್ದವಾಗಿದ್ದು, ಅದರ ಮೇಲೆ ಟೇಲ್ ಹೌಸಿಂಗ್ ಎಂಬ ಕೊಳವೆಯಾಕಾರದ ಕವಚ ಕೂರುತ್ತದೆ. ಆ ಕವಚದ ಬುಷ್ ಮತ್ತು ಆಯಿಲ್ ಸೀಲುಗಳ ನಡುವೆ, ಆ್ಯಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮುಂತುದಿಯಾದ ಸ್ಲಿಪ್ ಯೋಕ್, ಗಾಡಿ ಕುಲುಕಿದಂತೆ ಹಿಂದೆ ಮುಂದೆ ಜಾರುತ್ತದೆ. ಕೆ ಗಾಡಿಯ ಶಾಫ್ಟಾದರೋ ಟ್ರಾನ್ಸ್‌ಫರ್ ಕೇಸಿನೊಳಗೆ ಹೊಕ್ಕು ನಿಲ್ಲುವಷ್ಟೇ ಉದ್ದವಿದ್ದು, ಅದಕ್ಕೆ ಟೇಲ್ ಹೌಸಿಂಗ್ ತೊಡಿಸಿದರೂ ಒಳಗಿನ ಶಾಫ್ಟು ಯೋಕನ್ನು ಸರಿಯಾಗಿ ಹಿಡಿಯುವಷ್ಟು ಚಾಚುವುದಿಲ್ಲ. ಹಾಗಾದರೆ ಶಾಫ್ಟೊಂದನ್ನೇ ಬದಲಿಸಬಾರದೇಕೆ ಎಂಬ ಪ್ರಶ್ನೆ ಸಹಜವಾದರೂ, ಈ ಟ್ರಕ್ಕುಗಳಲ್ಲಿ ಹೆಚ್ಚಾಗಿ ಸಿಗುವ 4ಎಲ್60-ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಔಟ್‌ಪುಟ್ ಶಾಫ್ಟನ್ನು ಹಿಂದಿನಿಂದ ಎಳೆದು ತೆಗೆಯಲಾಗದು; ಮುಂದಿನ ಆಯಿಲ್ ಪಂಪಿನಿಂದ ಹಿಡಿದು ಕ್ಲಚ್ಚುಗಳು, ಗೇರುಗಳವರೆಗೆ ಒಳಗಿನದನ್ನೆಲ್ಲ ಹೊರತೆಗೆದ ಬಳಿಕವೇ ಅದು ಕೈಗೆ ಬರುತ್ತದೆ. ಅಷ್ಟು ಬಿಚ್ಚಿ ಮತ್ತೆ ಕೂಡಿಸುವ ಬದಲು, ಸಿ ಗಾಡಿಯಿಂದ ಇಳಿಸಿದ ಇಡೀ ಗೇರ್‌ಬಾಕ್ಸನ್ನು ತಂದು ಹಾಕುವುದೇ ಅಗ್ಗವೆಂಬ ನಿರ್ಣಯಕ್ಕೆ ಅನುಭವಿಗಳು ಬಂದಿದ್ದಾರೆ.

ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಮಾತ್ರ ಕಳಚಿ, ಟ್ರಾನ್ಸ್‌ಫರ್ ಕೇಸನ್ನು ಅಲ್ಲೇ ಬಿಟ್ಟು ‘ಆಯಿತು’ ಎನ್ನುವ ಅಡ್ಡದಾರಿಯೂ ಉಂಟು. ಗಾಡಿ ಓಡುತ್ತದೆ, ನಿಜ. ಆದರೆ ಭಾರ ಅಷ್ಟಕ್ಕಷ್ಟೇ ಉಳಿಯುತ್ತದೆ, ಟ್ರಾನ್ಸ್‌ಫರ್ ಕೇಸಿನೊಳಗಿನ ಸವೆದ ಚೈನು, ಸೋರುವ ಸೀಲುಗಳ ಕಾಟವೂ ತಪ್ಪುವುದಿಲ್ಲ. ಇದನ್ನು ಪರಿವರ್ತನೆಯೆಂದು ಕರೆಯುವುದು ಕಸುಬಿಗೆ ಮಾಡುವ ಅನ್ಯಾಯ.

ಬಾಲದ ಬದಲಾವಣೆಯೊಂದಿಗೆ ಇನ್ನೊಂದು ಸೂಕ್ಷ್ಮವೂ ಬರುತ್ತದೆ. ಕೆ ಗಾಡಿಯಲ್ಲಿ ವೇಗವನ್ನು ಅಳೆಯುವ ಸೆನ್ಸರು ಟ್ರಾನ್ಸ್‌ಫರ್ ಕೇಸಿನ ಮೇಲಿರುತ್ತದೆ. ಸಿ ಗಾಡಿಯಲ್ಲಿ ಅದೇ ಸೆನ್ಸರು ಟೇಲ್ ಹೌಸಿಂಗಿನ ಮೇಲೆ ಕುಳಿತು, ಶಾಫ್ಟಿಗೆ ಒತ್ತಿ ಕೂರಿಸಿದ ಹಲ್ಲುಬಳೆ ಒಂದು ಸುತ್ತು ತಿರುಗಿದಾಗ 40 ವಿದ್ಯುತ್ ಮಿಡಿತಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಈ ಗೇರ್‌ಬಾಕ್ಸ್ ಯಾವಾಗ ಗೇರು ಬದಲಿಸಬೇಕೆಂದು ತೀರ್ಮಾನಿಸುವುದು ಅದೇ ಮಿಡಿತಗಳ ಆಧಾರದ ಮೇಲಾದ್ದರಿಂದ, ವೈರನ್ನು ಹೊಸ ಜಾಗಕ್ಕೆ ಎಳೆದು ಜೋಡಿಸುವುದನ್ನು ಮರೆತರೆ ಸ್ಪೀಡೋಮೀಟರಿನ ಮುಳ್ಳು ಸತ್ತು ಮಲಗುವುದಷ್ಟೇ ಅಲ್ಲ, ಗೇರುಗಳೂ ಅಡ್ಡಾದಿಡ್ಡಿಯಾಗುತ್ತವೆ.

ಗೇರ್‌ಬಾಕ್ಸನ್ನು ಮೇಲೇರಿಸುವಾಗ ಟಾರ್ಕ್ ಕನ್ವರ್ಟರ್, ಎಂದರೆ ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ದುಂಡನೆಯ ಭಾಗ, ಪೂರ್ತಿ ಒಳಗೆ ಕೂತಿದೆಯೇ ಎಂದು ಕೈಯಿಂದ ತಿರುಗಿಸಿ ನೋಡಬೇಕು. ತಿರುಗಿಸುತ್ತ ಒತ್ತಿದಂತೆ ಅದು ಹಂತಹಂತವಾಗಿ ‘ಟಕ್’ ಎಂದು ಒಳಸರಿಯುತ್ತದೆ. ಕೊನೆಯ ಹಂತಕ್ಕೆ ಮುನ್ನವೇ ಬೋಲ್ಟು ಬಿಗಿದು ಎಳೆದರೆ ಆಯಿಲ್ ಪಂಪು ಒಡೆಯುತ್ತದೆ. ಅವಸರದ ಕೈಗಳು ಕಲಿಯುವ ಅತಿ ದುಬಾರಿ ಪಾಠ ಇದು.

ಮುಂಭಾಗದಲ್ಲಿ, ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಮತ್ತು ಚಕ್ರಗಳಿಗೆ ಹೋಗುವ ಆ್ಯಕ್ಸಲ್ ಶಾಫ್ಟುಗಳನ್ನು ಇಳಿಸಿದ ಮೇಲೆ ಚಕ್ರದ ಹಬ್ಬಿನ ನಡುವೆ ತೂತೊಂದು ಖಾಲಿ ಉಳಿಯುತ್ತದೆ. ಅದನ್ನು ಹಾಗೆಯೇ ಬಿಡುವುದು ಅಪಾಯ. ಹಬ್ಬಿನೊಳಗಿನ ಬೇರಿಂಗು ತನ್ನ ಬಿಗಿಯನ್ನು ಪಡೆಯುವುದು ಆ್ಯಕ್ಸಲ್ಲಿನ ತುದಿ ಆ ತೂತಿನಲ್ಲಿ ಹಾದು, ಹೊರಗಿನ ದೊಡ್ಡ ನಟ್ಟಿನಿಂದ ಬಿಗಿದಿರುವುದರಿಂದ. ಅದಿಲ್ಲದೆ ಓಡಿಸಿದರೆ ಬೇರಿಂಗು ಸಡಿಲವಾಗಿ ಚಕ್ರವೇ ಬೇರ್ಪಡಬಹುದು. ಆದ್ದರಿಂದ ತಿಳಿದವರು ಹಳೆಯ ಆ್ಯಕ್ಸಲ್ಲಿನ ಹೊರ ಜಾಯಿಂಟನ್ನು ಬಿಚ್ಚಿ, ಅದರ ಬಟ್ಟಲಿನಂಥ ಭಾಗ ಮತ್ತು ಹಲ್ಲುಗಳಿರುವ ಮೊಂಡನ್ನು ಮಾತ್ರ ಹಬ್ಬಿಗೆ ಮರಳಿ ಸೇರಿಸಿ, ಮೊದಲಿದ್ದ ಬಿಗಿಗೆ ನಟ್ಟು ತಿರುಗಿಸುತ್ತಾರೆ. ಯಾವುದನ್ನೂ ತಿರುಗಿಸದ ಒಂದು ಉಕ್ಕಿನ ಮೊಂಡು ಚಕ್ರವನ್ನು ಹಿಡಿದು ಕೂತಿರುತ್ತದೆ. ಟಾರ್ಷನ್ ಬಾರುಗಳು, ಅಂದರೆ ಸ್ಪ್ರಿಂಗಿನ ಬದಲಿಗೆ ತಿರುಚಿಕೊಂಡು ಮುಂಭಾಗದ ಭಾರ ಹೊರುವ ಉದ್ದನೆಯ ಸರಳುಗಳು, ಮತ್ತು ಅವು ಊರಿರುವ ಅಡ್ಡಪಟ್ಟಿ ಕೂಡ ಇದ್ದಲ್ಲೇ ಇರಬೇಕು. ಸಿ ಗಾಡಿಯ ಮುಂಭಾಗ ಸುರುಳಿ ಸ್ಪ್ರಿಂಗಿನ ಮೇಲೆ ನಿಂತಿರುವುದರಿಂದ ಅದನ್ನು ತಂದು ಇಲ್ಲಿ ಸುಲಭವಾಗಿ ಕೂರಿಸಲಾಗದು. ಹೀಗಾಗಿ ಪರಿವರ್ತಿತ ಗಾಡಿ ಎರಡೇ ಚಕ್ರದ್ದಾದರೂ ಮೊದಲಿನಷ್ಟೇ ಎತ್ತರಕ್ಕೆ ನಿಂತಿರುತ್ತದೆ. ಇಂಥ ನಿಲುವಿನ ಗಾಡಿಯನ್ನು ಟೊಯೋಟಾ ಕಂಪನಿ 1990ರ ದಶಕದ ಕೊನೆಯಲ್ಲಿ ‘ಪ್ರೀರನ್ನರ್’ ಎಂಬ ಹೆಸರಿನಲ್ಲಿ ಕಾರ್ಖಾನೆಯಿಂದಲೇ ಮಾರಿತೆಂಬುದು ಹಿತ್ತಿಲಿನವರಿಗೆ ಸಮಾಧಾನದ ಸಂಗತಿ.

ಉಳಿದದ್ದು ಅಳತೆಯ ಕೆಲಸ. ಗೇರ್‌ಬಾಕ್ಸನ್ನು ಹೊರುವ ಕ್ರಾಸ್ ಮೆಂಬರನ್ನು ಹೊಸ ಜಾಗಕ್ಕೆ ಸರಿಸಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಉದ್ದಗೊಳಿಸಿಯೋ, ಅಷ್ಟೇ ಚಕ್ರಾಂತರವಿರುವ ಸಿ ಗಾಡಿಯದನ್ನು ತಂದೋ ಜೋಡಿಸಿ, ಸ್ಲಿಪ್ ಯೋಕ್ ಪೂರ್ತಿ ಒಳಗೆ ತಗಲದಂತೆ ಸುಮಾರು 25 ಮಿಲಿಮೀಟರ್ ಜಾಗ ಬಿಟ್ಟರೆ ಗಾಡಿ ರಸ್ತೆಗೆ ಸಿದ್ಧ.

ಈ ಕಸುಬಿನ ನಿಜವಾದ ಪಾಠಶಾಲೆ ಗುಜರಿ ಅಂಗಳ. ಯಾವ ವರ್ಷದ ಯಾವ ಗಾಡಿಯ ಭಾಗ ಇನ್ನಾವುದಕ್ಕೆ ಹೊಂದುತ್ತದೆಂದು ತಿಳಿಸುವ ಹೊಲ್ಯಾಂಡರ್ ಕೈಪಿಡಿಗಳನ್ನು ಅಲ್ಲಿನ ವ್ಯಾಪಾರಿಗಳು 1930ರ ದಶಕದಿಂದ ಬಳಸುತ್ತ ಬಂದಿದ್ದು, ಎಣ್ಣೆಯ ಬೆರಳಚ್ಚುಗಳಿಂದ ಕಪ್ಪಾದ ಆ ದಪ್ಪ ಹೊತ್ತಗೆಗಳ ಜಾಗವನ್ನು ಈಗ ಕಂಪ್ಯೂಟರ್ ಪರದೆ ತುಂಬಿದೆ. ಸಿ ಗಾಡಿಯ 4ಎಲ್60-ಇ ಗೇರ್‌ಬಾಕ್ಸ್‌ಗೆ ಹಳೆಯ ಕಾರುಗಳಿಗೆ ಹೊಸ ಎಂಜಿನ್ ಕೂರಿಸುವ ಹವ್ಯಾಸಿಗಳಿಂದಲೂ ಬೇಡಿಕೆಯಿರುವುದರಿಂದ ಅದು ಅಂಗಳದಲ್ಲಿ ಬಹಳ ದಿನ ಬಿದ್ದಿರುವುದಿಲ್ಲ. ಇತ್ತೀಚಿನ ಟ್ರಕ್ಕುಗಳಲ್ಲಂತೂ ಟ್ರಾನ್ಸ್‌ಫರ್ ಕೇಸಿಗೇ ಪ್ರತ್ಯೇಕ ಕಂಪ್ಯೂಟರಿದ್ದು, ಅದು ಉತ್ತರಿಸದಿದ್ದರೆ ಉಳಿದ ಕಂಪ್ಯೂಟರುಗಳು ದೂರುತ್ತವೆ. ಸ್ಪ್ಯಾನರು ಮಾತ್ರ ಬಲ್ಲವರಿಗೆ ಅಲ್ಲಿ ಕೆಲಸ ಕಡಿಮೆಯಾಗುತ್ತಿದೆ.

ಕರ್ನಾಟಕದಲ್ಲಿ ಈ ಕಸುಬಿಗೆ ನೆಲೆಯಿಲ್ಲ. ಮಲೆನಾಡು, ಕೊಡಗುಗಳ ತೋಟದ ದಾರಿಗಳಲ್ಲಿ ಜೀಪಿನವರಿಗೆ ನಾಲ್ಕನೆಯ ಚಕ್ರದ ಬಲವೂ ಬೇಕು. ಅಲ್ಲದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ.

ಕಸುಬು ನಡೆಯುವ ಅಮೆರಿಕದಲ್ಲಿಯೂ ಗಾಡಿಯ ದಾಖಲೆಯು ಮಾರ್ಪಾಡನ್ನು ಗುರುತಿಸುವುದಿಲ್ಲ. ಈ ಶೆವ್ರಲೆ ಟ್ರಕ್ಕುಗಳ 17 ಅಕ್ಷರಾಂಕಗಳ ಗುರುತುಸಂಖ್ಯೆಯಲ್ಲಿ ಐದನೆಯದು ಸಿ ಅಥವಾ ಕೆ ಆಗಿದ್ದು, ಕೆ ಆಗಿ ಹುಟ್ಟಿದ ಗಾಡಿ ಗುಜರಿ ಸೇರುವವರೆಗೂ ಕೆ ಆಗಿಯೇ ಇರುತ್ತದೆ. ಗಾಡಿ ಎರಡು ಮೂರು ಕೈ ದಾಟಿದ ಮೇಲೆ ಅದರ ಒಡೆಯ ಆ ಸಂಖ್ಯೆ ಕೊಟ್ಟು ಬಿಡಿಭಾಗ ಕೇಳಿದರೆ, ಮುಂಚಕ್ರದ ಹಬ್ಬು ಸರಿಯಾದದ್ದೇ ಬರುತ್ತದೆ, ಗೇರ್‌ಬಾಕ್ಸ್ ಮಾತ್ರ ಮೊಂಡು ತುದಿಯದು ಬರುತ್ತದೆ. ಇದೇಕೆಂದು ಹೇಳಬಲ್ಲ ಮೆಕ್ಯಾನಿಕ್ ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿರುವ ಸಂಭವವೇ ಹೆಚ್ಚು.